ಸೊರಬದವರು ಕೊಂಡ ಹಣತೆ

ಹುಚ್ಚರಾಯಪ್ಪ ಮೇಷ್ಟ್ರು ಶಿಕಾರಿಪುರದಲ್ಲಿ ನಡೆಸುತ್ತಿದ್ದ ‘ಅರಿವು’ ಆನ್‌ಲೈನ್ ಪಾಠಶಾಲೆ ಓಡುತ್ತಿದ್ದದ್ದು ‘ಹಣತೆ’ ಎಂಬ ತಂತ್ರಾಂಶದ ಮೇಲೆ. ಲೋಕಮ್ಮ ಎಂಬ ನಿವೃತ್ತ ಉಪನ್ಯಾಸಕಿ ಅದನ್ನು ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಲೋಕಕ್ಕೆ ಬಿಟ್ಟಿದ್ದರು. ಮೇಷ್ಟ್ರು ಬಳಸಿದರು. ತಿದ್ದುವ ಗೋಜಿಗೆ ಹೋಗಲಿಲ್ಲ.

“ಸರ್, ಲೋಕಮ್ಮ ಮೇಡಂ ಮತ್ತೆ ಸಹಾಯ ಕೇಳಿದಾರೆ. ವಾರಕ್ಕೊಂದು ತಾಸು ಕೂತು ದೋಷ ತಿದ್ದಿ ಕೊಡ್ಲಾ?” ಎಂದಳು ಕಂಪ್ಯೂಟರ್ ನೋಡಿಕೊಳ್ಳುವ ಚೈತ್ರಶ್ರೀ.

“ಬಿಟ್ಟಿ ಬಂದಿದ್ದಕ್ಕೆ ಬೆವರು ಯಾಕ್ರೀ?”

ಜೂನ್‌ನಲ್ಲಿ ಹಣತೆಯ ಹೊಸ ಆವೃತ್ತಿ ಬಂತು. ಕೆಳಗಿದ್ದ ಷರತ್ತು ಓದದೆ ಮೇಷ್ಟ್ರು ಒಪ್ಪಿಗೆ ಒತ್ತಿಬಿಟ್ಟರು. ಸೋಮವಾರದ ಗಣಿತ ಪರೀಕ್ಷೆ ಮುಗಿದದ್ದೇ ತಡ, ಎಲ್ಲ ಪಾಲಕರ ಫೋನಿಗೂ ಒಂದೇ ಸಂದೇಶ ಹೋಯಿತು: ‘ನಿಮ್ಮ ಮಗುವಿಗೆ ಹನ್ನೊಂದು ಅಂಕ. ಆಶ್ಚರ್ಯವಿಲ್ಲ. ಸೊರಬದ ದಿಗ್ವಿಜಯಕ್ಕೆ ಸೇರಿಸಿ.’

ಸೊರಬದಲ್ಲಿ ‘ದಿಗ್ವಿಜಯ’ ಪಾಠಶಾಲೆ ನಡೆಸುವ ಮಹೇಶ್ವರಪ್ಪ ಇವರ ಹಳೇ ಎದುರಾಳಿ. ಓದದೆ ಬಿಟ್ಟ ಷರತ್ತಿನಲ್ಲಿ ಹಣತೆಯ ಹೊಸ ಒಡೆಯರೆಂದು ಅವರ ಹೆಸರೇ ಇತ್ತು. ಮೇಷ್ಟ್ರು ಮೊದಲ ಬಸ್ಸಿಗೇ ಸೊರಬಕ್ಕೆ ಹೋಗಿ ಅವರ ಮೇಜು ಕುಟ್ಟಿದರು.

“ಊರಿನ ಸ್ವತ್ತನ್ನ ನೀವು ಹೆಂಗ್ರೀ ಕೊಂಡ್ರಿ?”

“ಕೂತ್ಕೊಳ್ಳಿ, ಚಾ ಕುಡೀರಿ,” ಎಂದರು ಮಹೇಶ್ವರಪ್ಪ. “ಆ ಯಮ್ಮನ್ನ ಹುಡುಕ್ಕೊಂಡು ಹೋಗಿ, ಬಾಳ ಚಲೋ ಬರ್ದೀರಿ ಅಂದೆ. ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಎಂಟು ವರ್ಷದಲ್ಲಿ ಹಂಗಂದವ್ರು ನಾನೊಬ್ಬನೇ ಅಂತೆ. ಕೇಳಿದ ಕೂಡ್ಲೇ ಕೊಟ್ಬಿಟ್ರು.”

ಮೇಷ್ಟ್ರು ಚಾ ಮುಟ್ಟದೆ ಎದ್ದು ವಾಪಸ್ ಬಸ್ಸು ಹಿಡಿದರು.

ಮರಳಿ ಬಂದಾಗ ಚೈತ್ರಶ್ರೀ ಹಳೇ ಆವೃತ್ತಿಯನ್ನು ಮತ್ತೆ ಕೂರಿಸಿದ್ದಳು. ಅದರ ಪ್ರತಿಯನ್ನು ತಾನಾಗಿಯೇ ಕಾಪಿಟ್ಟಿದ್ದಳು. “ಒಮ್ಮೆ ಎಲ್ಲರಿಗೂ ಬಿಟ್ಟಿದ್ದನ್ನ ಯಾರೂ ವಾಪಸ್ ಕಿತ್ಕೊಳ್ಳೋಕೆ ಆಗಲ್ಲ ಸರ್. ಆದ್ರೆ ಇನ್ಮೇಲೆ ಕೆಟ್ರೆ ನಾವೇ ರಿಪೇರಿ ಮಾಡ್ಬೇಕು. ಮಕ್ಕಳ ಮನೆ ಫೋನ್ ನಂಬರ್ ಮಾತ್ರ ಸೊರಬದವ್ರ ಕೈ ಸೇರಿದ್ವು, ಅವು ವಾಪಸ್ ಬರಲ್ಲ.”

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಮಾರನೇ ದಿನವೇ ಬಾಗಿಲ ಮೇಲೆ ಬೋರ್ಡು ಬರೆಸಿದರು: ‘ನಮ್ಮದೇ ಸ್ವಂತ ತಂತ್ರಾಂಶ.’

ಬಣ್ಣ ಇನ್ನೂ ಒಣಗಿರಲಿಲ್ಲ. ಚೈತ್ರಶ್ರೀ ಒಳಗೆ ಬಂದು ನಿಂತಳು.

“ಸರ್, ಮಹೇಶ್ವರಪ್ಪನವರು ಫೋನ್ ಮಾಡಿದ್ರು. ನನ್ನ ಕೆಲಸ ಬಾಳ ಚಲೋ ಐತಂತೆ.”

ಮೇಷ್ಟ್ರು ಗಡಬಡಿಸಿ ಎದ್ದು, ತಮ್ಮ ಕುರ್ಚಿಯನ್ನೇ ಅವಳ ಕಡೆ ಸರಿಸಿದರು. “ಕೂತ್ಕೊಳ್ರಮ್ಮಾ, ನಾನೂ ಅದನ್ನೇ ಹೇಳ್ಬೇಕಂತಿದ್ದೆ.”

ಅವಳು ನಕ್ಕಳು. ಕೂರಲಿಲ್ಲ.