ಎರಡು ಕೈಯ ಕಂಬಳಿ

ಅಕ್ಕತಂಗಿ ಮಾತು ಬಿಟ್ಟು ಐದು ತಿಂಗಳಾಗಿತ್ತು. ಕೆಲಸ ಮಾತ್ರ ಬಿಟ್ಟಿರಲಿಲ್ಲ. ಜಗಳದ ಕಾರಣ ಇಬ್ಬರಿಗೂ ಮರೆತಿತ್ತು, ಬಿಗುಮಾನ ಮರೆತಿರಲಿಲ್ಲ. ಒಂದೇ ಕೋಣೆಯಲ್ಲಿ, ಬೆನ್ನಿಗೆ ಬೆನ್ನು ಹಾಕಿದ ಎರಡು ಮಗ್ಗಗಳಲ್ಲಿ, ಒಂದೇ ಕಂಬಳಿಯ ಎರಡು ಪಟ್ಟಿಗಳನ್ನು ನೇಯುತ್ತಿದ್ದರು. ಕಂಬಳಿಯ ಚಿತ್ತಾರ ವಜ್ರದಾಕಾರದ್ದು; ಎಡಪಟ್ಟಿಯ ಅರ್ಧ ವಜ್ರಕ್ಕೆ ಬಲಪಟ್ಟಿಯ ಅರ್ಧ ಸೇರಿದರೇನೇ ವಜ್ರ ಪೂರ್ತಿ. ಎಳೆಗಳ ಲೆಕ್ಕ ಒಂದೇ, ಆದರೆ ಅಕ್ಕನದು ಗಟ್ಟಿ ಕೈ. ಅವಳು ಬಡಿದರೆ ಎಳೆಗಳು ಒತ್ತಾಗಿ ಕೂತು ವಜ್ರ ಗಿಡ್ಡವಾಗುತ್ತಿತ್ತು. ತಂಗಿಯದು ಸಡಿಲ ಕೈ, ವಜ್ರವೂ ಉದ್ದ.

ಹೊಲಿಯುವ ದಿನ ಅಕ್ಕ ಎರಡೂ ಪಟ್ಟಿಗಳನ್ನು ನೆಲದ ಮೇಲೆ ಹಾಸಿ ಜೋಡಿಸಿದಳು. ಅವಳ ವಜ್ರಗಳು ಒಂದೊಂದಾಗಿ ಹಿಂದೆ ಬಿದ್ದು, ನಡುಮಧ್ಯದಲ್ಲಿ ನಾಲ್ಕು ಬೆರಳು ತಪ್ಪಿದ್ದವು. ಹೀಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅಲ್ಲಿಂದಾಚೆ ಯಾರಿಗೂ ಹೇಳದೆ ಕೈ ಸಡಿಲಿಸಿದ್ದಳು. ಆದರೆ ತಂಗಿಯ ವಜ್ರಗಳೂ ಅಲ್ಲಿಂದಲೇ ಗಿಡ್ಡವಾಗಿದ್ದವು. ಕೊನೆಯ ವಜ್ರ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡಿತ್ತು.

ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, ತಲೆಯೆತ್ತದೆ ಕೇಳಿದಳು, "ನೀನ್ಯಾವಾಗಿಂದ ಬಿಗಿಯಾಗಿ ಬಡಿಯೋಕೆ ಶುರು ಮಾಡಿದೆ?"

"ನಿನ್ನ ಮಗ್ಗದ ಸದ್ದು ಮೆತ್ತಗಾದ ದಿನದಿಂದ," ಅಂದಳು ತಂಗಿ.