ಐದು ಜನರ ಕೋಣೆ

"ಹಂದಿಗಳಾದ್ರೂ ಪಾಳಿ ಮೇಲೆ ಮಲಗಲ್ಲ ಕಣ್ರೇ," ಎಂದ ಮುನಿಸಿಪಾಲಿಟಿ ಸಾಹೇಬ, ಮೂಗಿಗೆ ಕರವಸ್ತ್ರ ಹಿಡಿದು. "ಹತ್ತಡಿ ರೂಮಿಗೆ ಹದಿಮೂರು ಜನ. ಈ ಅರ್ಜೀನ ಬರೆದ ಪುಣ್ಯಾತ್ಗಿತ್ತಿ ಯಾರು?"

ಬರೆದವಳು ನಾನು. ತಲೆ ಎಣಿಕೆ ಹೆಚ್ಚಿದ್ದರೆ ಓಣಿಗೆ ಎರಡನೇ ನಲ್ಲಿ ಹಾಕಿಸುತ್ತಾರೆಂದು ಸುದ್ದಿಯಿತ್ತು. ಸಂಜೆ ಶಾಲೆಯಲ್ಲಿ ಓದಿದವಳು ಸುಳ್ಳು ಬರೆಯಬಾರದೆಂದು ಮೂರು ಪಾಳಿಯಲ್ಲಿ ಮಲಗುವವರನ್ನೂ ಬರೆದೆ. ಯಾರಾದರೂ ಬಿಟ್ಟುಹೋದರೇನೋ ಎಂದು ಎರಡು ಸಲ ಎಣಿಸಿದೆ.

ಈಗ ನೋಟೀಸು ಬಂದಿತ್ತು. ಕೋಣೆಗೆ ಐದೇ ಜನ. ಮೀರಿದರೆ ಬೀಗ; ಎಲ್ಲರೂ ಊರಾಚೆಯ ಹೊಸ ಬಡಾವಣೆಗೆ. ಅಲ್ಲಿಂದ ಮೊದಲ ಬಸ್ಸು ಆರು ಗಂಟೆಗೆ. ನಮ್ಮೊಂದಿಗೇ ಇರುವ ಹಮಾಲಿ ಮೂಟೆ ಮಾವ ಮಂಡಿಯಲ್ಲಿ ಲಾರಿ ಇಳಿಸಲು ನಾಲ್ಕಕ್ಕೇ ನಿಂತಿರಬೇಕು. ನನ್ನ ರಟ್ಟಿನ ಡಬ್ಬದ ಕೆಲಸ ಒಂಬತ್ತಕ್ಕೆ.

"ಅಷ್ಟು ದೂರದಿಂದ ಕೆಲ್ಸಕ್ಕೆ ಹೆಂಗೆ ಬರೋದು ಸ್ವಾಮಿ?" ಸೋದರತ್ತೆ ಕೇಳಿದಳು.

"ತಲೆ ತಿನ್ಬೇಡ ಮುದುಕಿ." ಸಾಹೇಬ ನನ್ನ ಕಡೆ ಹೊಸ ಹಾಳೆ ಚಾಚಿದ. "ನೀನು ಓದಿದವಳು. ಐದು ಹೆಸರು ಬರಿ, ರೂಮು ಉಳಿಯುತ್ತೆ. ಯಾರನ್ನ ಇಟ್ಕೋತೀಯೋ ನಿಂಗೆ ಬಿಟ್ಟಿದ್ದು. ಉಳಿದವ್ರು ಹೊಸ ಬಡಾವಣೆಗೆ. ಮತ್ತೆ ಇಲ್ಲಿ ಕಂಡ್ರೆ ಎಲ್ಲರಿಗೂ ಬೀಗ. ಸಿಗರೇಟು ಸೇದಿ ಬರ್ತೀನಿ, ಅಷ್ಟರಲ್ಲಿ ಮುಗಿಸು."

ಅವನು ಮೆಟ್ಟಿಲಿಳಿದ ಮೇಲೆ ಅತ್ತೆ ಗೊಣಗಿದಳು, "ಯಾವ ಸೂಳೆಮಗ ಮಾಡಿದ ಕಾನೂನೋ." ಆಮೇಲೆ ನನ್ನ ಮುಖ ನೋಡದೆ, "ಬಿಡೋದು ನನ್ನಿಂದ್ಲೇ ಶುರು ಮಾಡು. ಗೊರಕೆ ಹೊಡೀತೀನಿ ಅಂತ ಹೆಂಗೂ ಎಲ್ಲರೂ ಬೈತಿದ್ರಲ್ಲ."

"ಕೂಸನ್ನೂ ಒಂದು ತಲೆ ಅಂತ ಹಿಡೀತಾರಾ ಅಕ್ಕಾ?" ತಮ್ಮನ ಹೆಂಡತಿ ಕೇಳಿದಳು.

ಹಿಡಿಯುತ್ತಾರೆ. ಹನ್ನೊಂದು ತಿಂಗಳು ಎಂದು ಹಿಂದಿನ ಅರ್ಜಿಯಲ್ಲಿ ನಾನೇ ಬರೆದುಕೊಟ್ಟಿದ್ದೆ.

ಅಮ್ಮ, ತಮ್ಮ, ಅವನ ಹೆಂಡತಿ, ಕೂಸು. ಅಲ್ಲಿಗೆ ನಾಲ್ಕು. ಐದನೆಯ ಗೆರೆಯ ಮುಂದೆ ಪೆನ್ನು ನಿಂತಿತು. ಬೇಗ ಬೇಗ ಬರೆದು ಮುಗಿಸಿದೆ.

ಅಷ್ಟರಲ್ಲಿ ಮೂಟೆ ಮಾವ ಮಂಡಿಯಿಂದ ಬಂದ. ಕತ್ತಿನ ತುಂಬ ಗೋಣಿಯ ದೂಳು. ಸಾಹೇಬನನ್ನು ಓಣಿಯಲ್ಲಿ ದಾಟಿಯೇ ಬಂದಿದ್ದ. ಅವನ ಪಾಳಿಯ ಹೊತ್ತಾಗಿತ್ತು. ಚಾಪೆಯ ಮೇಲೆ ಉರುಳಿ ಕಣ್ಣು ಮುಚ್ಚಿದ.

"ಒಂಚೂರು ಸರಿಯೇ ಮಗಳೇ, ಕಾಲು ಚಾಚ್ಬೇಕು."

ಹಾಳೆಯನ್ನು ಬೋರಲು ಹಾಕಿಕೊಂಡು ಗೋಡೆಯ ಕಡೆ ಸರಿದೆ. ಐದನೆಯ ಗೆರೆಯಲ್ಲಿ ನನ್ನ ಹೆಸರಿತ್ತು.