ಗಡಿಯಾರದವನ ಕೈಗೆ ಬಂದ ಕಾರ್ಬ್ಯುರೇಟರ್

ಗಡಿಯಾರ ರಿಪೇರಿಯವನು ಅಂಗಡಿ ಮುಚ್ಚಿ ವರ್ಷವಾಗಿತ್ತು. ಹೊತ್ತು ನೋಡಲು ಜನ ಫೋನು ತೆಗೆಯುವ ಕಾಲ. ಹತ್ಯಾರಗಳ ಪೆಟ್ಟಿಗೆಯನ್ನು ಮನೆಗೆ ತಂದಿಟ್ಟವನು ಅಂದಿನಿಂದ ಪೇಪರನ್ನು ಜಾಹೀರಾತಿನ ಸಮೇತ ಓದುವುದನ್ನೇ ಕೆಲಸ ಮಾಡಿಕೊಂಡಿದ್ದ.

ಹೆಂಡತಿ ನರ್ಸ್. ಹಾಸಿಗೆ ಹಿಡಿದವರ ಮನೆಗಳಿಗೆ ಮೋಟಾರ್‌ಸೈಕಲ್ಲಿನಲ್ಲಿ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತಿದ್ದಳು. ಮೆಟ್ಟಿಲಲ್ಲಿ ಜಾರಿ ಮೊಣಕಾಲಿನ ಚಿಪ್ಪು ಒಡೆದುಕೊಂಡ ಮೇಲೆ ಎಂಟು ತಿಂಗಳು ಅವಳೂ ಮೂಲೆ ಹಿಡಿದಳು, ಗಾಡಿಯೂ ಮೂಲೆ ಹಿಡಿಯಿತು.

ಸೋಮವಾರದಿಂದ ಕೆಲಸಕ್ಕೆ ಹೋಗಬಹುದೆಂದು ಡಾಕ್ಟರು ಹೇಳಿದರು. ಕಾಲು ಒಪ್ಪಿತು, ಗಾಡಿ ಮಾತ್ರ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗಲಿಲ್ಲ. ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿ ಬಂದು ಕಾರ್ಬ್ಯುರೇಟರ್ ಬಿಚ್ಚಿದ. ಪೆಟ್ರೋಲು ಗಾಳಿಯೊಡನೆ ಬೆರೆತು ಎಂಜಿನ್ನಿಗೆ ಹೋಗುವುದು ಅಂಗೈಯಗಲದ ಆ ಭಾಗದಿಂದಲೇ. ಹಳೆಯ ಪೆಟ್ರೋಲು ಅದರೊಳಗೇ ಒಣಗಿ ಕಂದು ಅರಗಿನಂತೆ ಕಚ್ಚಿಕೊಂಡಿತ್ತು. ಮೇಸ್ತ್ರಿ ಅರಗು ಕರಗಿಸುವ ಡಬ್ಬಿಯ ಔಷಧಿ ಹೊಡೆದ, ತಂತಿ ತೂರಿಸಿದ, ಗಾಳಿ ಊದಿದ. ಕೊನೆಗೆ, ಹೊಸದೇ ಹಾಕಬೇಕು, ಈ ಮಾಡೆಲ್ಲಿನದು ಬರಲು ಎರಡು ತಿಂಗಳಾದೀತು ಎಂದು ಕೈ ಒರೆಸಿಕೊಂಡು ಹೋದ.

ಹೆಂಡತಿ ಸೋಮವಾರಕ್ಕೆಂದು ಜೋಡಿಸಿದ್ದ ಬ್ಯಾಗಿನಿಂದ ಪಟ್ಟಿಯ ಸುರುಳಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು. ಅವನಿಗೆ ಅದನ್ನು ನೋಡಲಾಗಲಿಲ್ಲ. ಅಂಗಡಿಯ ಕೊನೆಯ ದಿನ ತಾನೂ ಹೀಗೆಯೇ ಚಿಮಟಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿದ್ದ.

ಗ್ರೀಸು ಕಂಡರೆ ಅವನಿಗೆ ಆಗದು. ಗಾಡಿ ಕೆಲಸವೆಂದರೆ ಸುತ್ತಿಗೆ ಕೆಲಸ ಎಂದು ಮೂಗು ಮುರಿಯುತ್ತಿದ್ದವನು. ಆದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆ ವಸ್ತುವನ್ನು ಬೆಳಕಿಗೆ ಹಿಡಿದ. ಒಳಗೆ ಕೂದಲೆಳೆಯಷ್ಟು ಸಣ್ಣ ತೂತುಗಳು, ಹಿತ್ತಾಳೆಯ ಪುಟ್ಟ ತಿರುಪುಗಳು. ಇದು ತನಗೆ ಗೊತ್ತಿಲ್ಲದ ವಸ್ತುವೇನಲ್ಲ ಅನ್ನಿಸಿತು. ಅದನ್ನು ಔಷಧಿಯಲ್ಲಿ ನೆನೆಸಿಡಲು ಒಂದು ಹಳೆಯ ಪಾತ್ರೆ ಬೇಕೆಂದ.

"ಅಡುಗೆ ಪಾತ್ರೆ ಮುಟ್ಟಿದ್ರೆ ಕೈ ಮುರೀತೀನಿ," ಅಂದಳು ಅವಳು.

"ಮುರೀ. ಪಟ್ಟಿ ಕಟ್ಟೋಳು ಮನೇಲೇ ಇದಾಳಲ್ಲ."

ಎಷ್ಟೋ ದಿನದ ಮೇಲೆ ಅವಳು ನಕ್ಕಳು. ಔಷಧಿಗೆ ಬೆಂಕಿ ಹತ್ತೀತು, ಒಲೆಯ ಹತ್ತಿರ ಸುಳಿಯಬಾರದು, ಬಾಲ್ಕನಿಯಲ್ಲೇ ಕೂರಬೇಕು ಎಂದು ತಾಕೀತು ಮಾಡಿ, ತನ್ನ ಕೈಗವಸುಗಳನ್ನೂ ಬಣ್ಣ ಚಕ್ಕೆ ಎದ್ದ ಒಂದು ಹಳೆಯ ಟ್ರೇಯನ್ನೂ ಕೊಟ್ಟಳು.

ಅವನು ರಬ್ಬರಿನ ಭಾಗಗಳನ್ನೆಲ್ಲ ಬೇರೆ ಇಟ್ಟು, ಉಳಿದದ್ದನ್ನು ಪೇಟೆಯಿಂದ ತಂದ ಅದೇ ಔಷಧಿಯಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿದ. ಮಾರನೆಯ ದಿನ ಅರಗು ಮೆತ್ತಗಾಗಿತ್ತು. ತಂತಿಯನ್ನು ಅವನು ಮುಟ್ಟಲೇ ಇಲ್ಲ. ಹಿತ್ತಾಳೆ ಗೀರಿದರೆ ತೂತು ದೊಡ್ಡದಾಗಿ ಅಳತೆಯೇ ಕೆಡುತ್ತದೆ. ಗಡಿಯಾರದ ತೂತುಗಳನ್ನು ಶುಚಿಮಾಡುತ್ತಿದ್ದಂತೆ ಮೆದುಮರದ ಕಡ್ಡಿಯನ್ನು ಸೂಜಿಯಂತೆ ಹೆರೆದು, ತೂರಿಸಿ ತಿರುಗಿಸಿದ. ಕಡ್ಡಿ ಕಪ್ಪಾಗಿ ಬಂತು. ಮತ್ತೆ ಹೆರೆದ, ಮತ್ತೆ ತಿರುಗಿಸಿದ. ಬೆಳ್ಳಗೆ ಬರುವ ಹೊತ್ತಿಗೆ ಕಾಲಡಿ ಮರದ ಹೊಟ್ಟು ಗುಡ್ಡೆಯಾಗಿತ್ತು.

ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿ ಗಾಡಿಗೆ ಕೂರಿಸಿದ. ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅವನು ಪೆಚ್ಚಾಗಿ ಕೂತುಬಿಟ್ಟ. ಮೇಸ್ತ್ರಿ ಹೇಳಿದ್ದೇ ಸರಿ ಇರಬೇಕು ಎಂದು ಗೊಣಗಿದ.

ಹೆಂಡತಿ ಇನ್ನೂ ತುಸು ಕುಂಟುತ್ತಾ ಬಂದು ಪಕ್ಕದಲ್ಲಿ ಕೂತಳು. "ಗಾಯ ಮೇಲೆ ಮಾಗಿರುತ್ತೆ ರೀ, ಒಳಗೆ ಕೀವು ನಿಂತಿರುತ್ತೆ. ಮತ್ತೆ ಬಿಚ್ಚಿ."

ಬಿಚ್ಚಿದ. ಅವಳು ಸೂಜಿಯಿಲ್ಲದ ಸಿರಿಂಜಿನಲ್ಲಿ ಔಷಧಿ ಎಳೆದುಕೊಂಡು ಒಂದೊಂದೇ ದಾರಿಯಲ್ಲಿ ಒತ್ತುತ್ತಾ ಹೋದಳು. ಎಲ್ಲ ಕಡೆಯೂ ಆಚೆ ಬದಿಯಿಂದ ಚಿಮ್ಮಿತು, ಒಂದು ಕಡೆ ಮಾತ್ರ ಹನಿಯೂ ಬರಲಿಲ್ಲ. ಕಾರ್ಬ್ಯುರೇಟರಿನ ಗೋಡೆಯ ಒಳಗೇ ಅಡ್ಡಕ್ಕೆ ಹೋಗುವ ಸಣ್ಣ ದಾರಿ ಅದು. ಅದನ್ನು ಮೇಸ್ತ್ರಿಯೂ ನೋಡಿರಲಿಲ್ಲ, ಅವನೂ ನೋಡಿರಲಿಲ್ಲ. ಅಲ್ಲಿಗೆ ಔಷಧಿ ತುಂಬಿ ಮಧ್ಯಾಹ್ನದವರೆಗೆ ಕಾದರು. ಅವನು ಒಂದು ಬದಿಯಿಂದ ಕಡ್ಡಿ ಆಡಿಸಿದ, ಅವಳು ಇನ್ನೊಂದು ಬದಿಯಿಂದ ಒತ್ತಿದಳು. ಸಾಸಿವೆ ಕಾಳಿನಷ್ಟು ಕಂದು ಗಂಟೊಂದು ಟ್ರೇಗೆ ಬಿತ್ತು.

"ಇಷ್ಟೇನಾ?" ಅಂದಳು.

"ಇಷ್ಟೇ."

ಮತ್ತೆ ಜೋಡಿಸಿ ಒದ್ದಾಗ ಎರಡನೆಯ ಒದೆತಕ್ಕೆ ಎಂಜಿನ್ನು ಹಿಡಿಯಿತು. ಮೊದಲು ತಡವರಿಸಿ, ಆಮೇಲೆ ಒಂದೇ ಸಮನೆ ಓಡತೊಡಗಿತು. ಅವನು ಕಿವಿಯೊಡ್ಡಿ ಕೇಳುತ್ತಾ ನಿಂತ. ಅವಳು ಬ್ಯಾಗು ಜೋಡಿಸಲು ಒಳಗೆ ಹೋದಳು.

ಸೋಮವಾರ ಗಾಡಿ ಬೀದಿ ದಾಟಿದ್ದನ್ನು ಗ್ಯಾರೇಜಿನವರೆಲ್ಲ ನೋಡಿದರು. ವಾರ ಕಳೆಯುವುದರೊಳಗೆ ಮೇಸ್ತ್ರಿ ಬಟ್ಟೆಯಲ್ಲಿ ಎರಡು ಕಾರ್ಬ್ಯುರೇಟರ್ ಸುತ್ತಿಕೊಂಡು ಬಾಗಿಲಿಗೆ ಬಂದ. ತನ್ನ ಕೈಯಲ್ಲಿ ಇಷ್ಟು ನಾಜೂಕು ಕೆಲಸ ಆಗುವುದಿಲ್ಲವೆಂದು ಒಪ್ಪಿಕೊಂಡು, ದಿನಾ ಒಂದೆರಡು ಗಂಟೆ ಗ್ಯಾರೇಜಿಗೆ ಬರುತ್ತೀರಾ ಎಂದು ಕೇಳಿದ.

"ಅಲ್ಲಿ ಕತ್ತಲೆ. ಇಲ್ಲಿಗೇ ತಂದ್ಕೊಡು, ಬೆಳಕು ಚೆನ್ನಾಗಿದೆ," ಎಂದು ಗಡಿಯಾರದವನು ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.